ಪ್ರಪಾತದ ಅಂಚಿನ ಶಿವಸುಮನ

ಸಹ್ಯಾದ್ರಿಯ ಶಿಖರಶ್ರೇಣಿಯಲ್ಲಿ, ಉತ್ತರಕ್ಕೆ ಜುನ್ನರದ ಸೀಮೆಯಿಂದ ದಕ್ಷಿಣಕ್ಕೆ ಸಾತಾರದ ಸೀಮೆಯವರೆಗೂ, ಬೆಟ್ಟದ ನೆತ್ತಿ ನೆತ್ತಿಗೂ ಒಂದೊಂದು ಕೋಟೆ ಕುಳಿತಿರುವುದನ್ನು ಕಂಡ ಯಾತ್ರಿಕರು ಅವನ್ನು ಕಟ್ಟಿಸಿದ ದೊರೆಗಳ ಪರಾಕ್ರಮವನ್ನೂ ದೂರದೃಷ್ಟಿಯನ್ನೂ ಕೊಂಡಾಡುವುದು ವಾಡಿಕೆ; ಅದು ಉಚಿತವೂ ಹೌದು. ಆದರೆ ಗೋಡೆ, ಬುರುಜು, ಮಹಾದ್ವಾರಗಳೆಂದು ದೊರೆಗಳು ಕಟ್ಟಿಸಿದ್ದು ಆ ದುರ್ಗಗಳ ಅಲ್ಪಾಂಶವನ್ನು ಮಾತ್ರ; ಬಹ್ವಂಶವನ್ನು ಅವರಿಗಿಂತ ಸುಮಾರು ಆರೂವರೆ ಕೋಟಿ ವರ್ಷ ಮೊದಲೇ, ಭೂಗರ್ಭದಿಂದ ಉಕ್ಕಿ, ಪದರದ ಮೇಲೆ ಪದರವಾಗಿ ಹರಿದು, ಆರಿ ಕಲ್ಲಾದ ಲಾವಾರಸವು ಕಟ್ಟಿ ಮುಗಿಸಿತ್ತು. ಆ ಪದರಗಳಲ್ಲಿ ಗಟ್ಟಿಯಾದವು ಮಳೆಗಾಳಿಗಳಿಗೆ ಜಗ್ಗದೆ ನೆಟ್ಟನೆಯ ಪ್ರಪಾತಗಳಾಗಿ ನಿಂತವು. ನಡುವಣ ಮೆದು ಪದರಗಳು ಸವೆದು ಇಳಿಜಾರುಗಳಾದವು, ಕಿರಿದಾದ ಕಟ್ಟೆಗಳಾದವು. ಶತ್ರುಸೈನ್ಯವು ಏರಲಾರದ ಆ ನೆಟ್ಟನೆಯ ಮೈಯನ್ನು ನಂಬಿಯೇ ಗಿರಿದುರ್ಗಗಳು ಹುಟ್ಟಿದವು. ಅದೇ ಮೈಯನ್ನು, ಬಹುಮಟ್ಟಿಗೆ ಅದೇ ಕಾರಣಕ್ಕಾಗಿ, ಒಂದು ಪುಟ್ಟ ಗಿಡವೂ ನಂಬಿಕೊಂಡಿದೆ. ಕಲ್ಲಿನ ಸಂದಿಯಲ್ಲಿ ಬೇರನ್ನಿಳಿಸಿ, ಪ್ರಪಾತದ ಅಂಚಿನಿಂದ ಕೆಳಕ್ಕೆ ಇಳಿಬಿದ್ದು, ಆಡಿನ ಬಾಯಿಗೂ ಮನುಷ್ಯನ ಕೈಗೂ ಎಟುಕದಂತೆ ಬಾಳುವ ಆ ಗಿಡಕ್ಕೆ ಸಸ್ಯಶಾಸ್ತ್ರದಲ್ಲಿ ಫ್ರೆರಿಯಾ ಇಂಡಿಕಾ ಎಂದೂ, ಈಚಿನ ಮರಾಠಿಯಲ್ಲಿ ಶಿವಸುಮನ ಎಂದೂ ಹೆಸರು.

ಜುನ್ನರದ ಬಳಿಯ ಶಿವನೇರಿ, ಪುರಂದರದ ಮಗ್ಗುಲಿನ ವಜ್ರಗಡ, ಸಾತಾರದ ಬಳಿಯ ಸಜ್ಜನಗಡ, ಮಹಾಬಳೇಶ್ವರದ ಕಣಿವೆಗಳು, ಭಂಡಾರದರೆಯತ್ತಣ ರಂಧಾ ಜಲಪಾತದ ಆಸುಪಾಸು: ಹೀಗೆ ಬೆರಳು ಮಡಿಸಿ ಎಣಿಸಬಹುದಾದ ಕೆಲವೇ ತಾಣಗಳು ಈ ಗಿಡದ ಸಮಸ್ತ ಸಾಮ್ರಾಜ್ಯ. ಜಗತ್ತಿನಲ್ಲಿ ಬೇರೆಲ್ಲಿಯೂ ಇದು ತಾನಾಗಿ ಬೆಳೆದಿಲ್ಲ. ಶಿವನೇರಿಯಲ್ಲಿ 1630ರಲ್ಲಿ ಶಿವಾಜಿ ಹುಟ್ಟಿದ; ಅವನ ತಂದೆ ಶಹಾಜಿ ಮುಂದೆ ನಮ್ಮ ಬೆಂಗಳೂರಿನಲ್ಲಿ ನೆಲೆಸಿದ. ಸಜ್ಜನಗಡದಲ್ಲಿ ಸಮರ್ಥ ರಾಮದಾಸರ ಸಮಾಧಿಯಿದೆ. ವಜ್ರಗಡವನ್ನು ಮೊಗಲ ಸೇನಾನಿ ದಿಲೇರಖಾನನ ಫಿರಂಗಿಗಳು ಒಡೆದುದರಿಂದಲೇ 1665ರ ಪುರಂದರದ ಒಪ್ಪಂದಕ್ಕೆ ಶಿವಾಜಿ ಮಣಿಯಬೇಕಾಯಿತು. ಇತಿಹಾಸದ ವಿದ್ಯಾರ್ಥಿಗೆ ಇಷ್ಟು ಚಿರಪರಿಚಿತವಾದ ಹೆಸರುಗಳೇ ಸಸ್ಯಶಾಸ್ತ್ರದ ಒಂದು ಅಪೂರ್ವ ಪ್ರಭೇದದ ವಿಳಾಸಪಟ್ಟಿಯೂ ಆಗಿರುವುದನ್ನು ಕೇವಲ ಆಕಸ್ಮಿಕವೆನ್ನಲಾಗದು; ಕೋಟೆಗೂ ಗಿಡಕ್ಕೂ ಬೇಕಾದ ಕಲ್ಲು ಒಂದೇ. ಅದೇ ಕಪ್ಪುಕಲ್ಲಿನ ಹಾಸು ದಕ್ಷಿಣಕ್ಕೂ ಪೂರ್ವಕ್ಕೂ ಹರಡಿ ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರಗಳನ್ನು ಮುಟ್ಟಿದ್ದರೂ, ಗಿಡ ಮಾತ್ರ ಆ ಹಾಸನ್ನು ಹಿಡಿದು ಇತ್ತ ಬಂದಿಲ್ಲ.

ಸೆಪ್ಟೆಂಬರಿನ ಕಡೆಗೆ, ಮಳೆ ಇನ್ನೂ ಪೂರ್ತಿಯಾಗಿ ಬಿಡದ ದಿನಗಳಲ್ಲಿ ಇದನ್ನು ಕಂಡವರಿಗೆ ಇದು ಸಾಮಾನ್ಯವಾದೊಂದು ಹಸುರುಬಳ್ಳಿಯೆಂದೇ ತೋರೀತು. ಬೆರಳಿನಷ್ಟು ದಪ್ಪನೆಯ, ನುಣುಪಾದ, ರಸತುಂಬಿದ ಬೂದುಹಸುರಿನ ಕಾಂಡಗಳು ಬಂಡೆಗೆ ಮೈಯೊರಗಿಸಿ ಹರಿದಿರುತ್ತವೆ, ಇಲ್ಲವೆ ಅಂಚಿನಿಂದ ಜೋತು ಬಿದ್ದಿರುತ್ತವೆ. ಅವುಗಳ ತುದಿಯತ್ತ ನೀಳವಾದ ದಪ್ಪ ಎಲೆಗಳು. ಎಲೆಗಳ ನಡುವೆ ಐದು ಮೂಲೆಯ ನಕ್ಷತ್ರದಂತಹ, ಸುಮಾರು ಎರಡು ಸೆಂಟಿಮೀಟರ್ ಅಗಲದ, ಕಡುಗೆಂಪು ಮೈಮೇಲೆ ಹಳದಿಯ ಚಿತ್ತಾರವುಳ್ಳ ಹೂ. ಮಾರ್ಚಿ ತಿಂಗಳಲ್ಲಿ ಅದೇ ತಾಣಕ್ಕೆ ಮತ್ತೆ ಹೋದರೆ ಎಲೆಯೂ ಇಲ್ಲ, ಹೂವೂ ಇಲ್ಲ. ಒಣಗಿದ ಹುಲ್ಲಿನ ನಡುವೆ ಸುಕ್ಕುಗಟ್ಟಿದ ನಾಲ್ಕಾರು ಬೋಳು ಕಡ್ಡಿಗಳು ಬಿದ್ದಿರುತ್ತವೆ, ಅಷ್ಟೆ. ಇವೆರಡೂ ಒಂದೇ ಗಿಡವೆಂದು ಮೊದಲ ಸಲ ನೋಡುವವರು ನಂಬಲಾರರು. ಈ ದ್ವಿರೂಪವೇ ಇದರ ಬಾಳಿನ ಮುಖ್ಯ ಸೂತ್ರ; ಅದನ್ನು ಬಿಡಿಸಿ ನೋಡುವ ಮೊದಲು, ಇದು ವಿದ್ವಾಂಸರ ಕಣ್ಣಿಗೆ ಬಿದ್ದ ಬಗೆಯನ್ನು ಹೇಳಬೇಕು.

ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಮುಂಬಯಿ ಸರ್ಕಾರವು ಪುಣೆಯ ಬಳಿ ದಾಪುರಿಯಲ್ಲಿ ಒಂದು ಸಸ್ಯೋದ್ಯಾನವನ್ನು ನಡೆಸುತ್ತಿತ್ತು. ಅದಕ್ಕೆ ಸೇರಿದಂತೆ ಜುನ್ನರದ ಬಳಿಯ ಹಿವರೆ ಎಂಬಲ್ಲಿ ಇನ್ನೊಂದು ತೋಟವೂ ಇತ್ತು. ಸೈನ್ಯದ ಆಸ್ಪತ್ರೆಗಳಿಗೆ ಬೇಕಾದ ಔಷಧಿಗಳನ್ನು ವಿಲಾಯಿತಿಯಿಂದ ತರಿಸುವ ಬದಲು ಇಲ್ಲಿಯೇ ಬೆಳೆದುಕೊಳ್ಳುವುದು ಈ ತೋಟಗಳ ಒಂದು ಉದ್ದೇಶ. ಇವುಗಳ ಮೇಲ್ವಿಚಾರಕನಾಗಿದ್ದ ಅಲೆಕ್ಸಾಂಡರ್ ಗಿಬ್ಸನ್ 1847ರಲ್ಲಿ ಮುಂಬಯಿ ಪ್ರಾಂತದ ಮೊದಲ ಅರಣ್ಯ ಸಂರಕ್ಷಕನಾದ. ಅವನ ತರುವಾಯ ಅದೇ ಅಧಿಕಾರಕ್ಕೆ ಬಂದ ನಿಕೋಲ್ ಅಲೆಕ್ಸಾಂಡರ್ ಡಾಲ್‌ಜೆಲ್ ಎಂಬ ಸ್ಕಾಟಿಷ್ ವಿದ್ವಾಂಸ ಗಿಬ್ಸನ್ನನೊಡನೆ ಕೂಡಿ 1861ರಲ್ಲಿ ಮುಂಬಯಿ ಪ್ರಾಂತದ ಸಸ್ಯಗಳ ಮೇಲೆ ಒಂದು ಗ್ರಂಥವನ್ನು ಹೊರತಂದ. ಧಾರವಾಡ, ಬೆಳಗಾವಿಗಳು ಮುಂಬಯಿ ಆಡಳಿತದಲ್ಲಿದ್ದ ಕಾಲವದು. ಆದ್ದರಿಂದ ನಮ್ಮ ಕಾಡುಗಳ ಅನೇಕ ಗಿಡಮರಗಳ ಶಾಸ್ತ್ರೀಯ ಚರಿತ್ರೆಯೂ ಆ ಗ್ರಂಥದ ಪುಟಗಳಲ್ಲಿ ಸೇರಿಕೊಂಡಿದೆ. ಗ್ರಂಥ ಅಚ್ಚಾದ ಕೆಲವೇ ವರ್ಷಗಳಲ್ಲಿ, ಹಿವರೆಯ ಆಸುಪಾಸಿನ ಬಂಡೆಗಳಲ್ಲಿ ದೊರೆತ ಒಂದು ಗಿಡ ತನಗೆ ತಿಳಿದಿದ್ದ ಯಾವ ಕುಲಕ್ಕೂ ಹೊಂದದಿರುವುದನ್ನು ಡಾಲ್‌ಜೆಲ್ ಕಂಡ. ಅದಕ್ಕಾಗಿ ಹೊಸದೊಂದು ಕುಲವನ್ನೇ ಸ್ಥಾಪಿಸಿ, 1860ರ ದಶಕದ ನಡುವಿನಲ್ಲಿ, ಲಂಡನ್ನಿನ ಲಿನ್ನೇಯನ್ ಸೊಸೈಟಿಯ ಪತ್ರಿಕೆಯಲ್ಲಿ ಅದನ್ನು ವರ್ಣಿಸಿದ. ಕುಲದ ಹೆಸರನ್ನು ಆಗ ಮುಂಬಯಿಯ ಗವರ್ನರಾಗಿದ್ದ ಸರ್ ಬಾರ್ಟಲ್ ಫ್ರೆರ್‌ನ ಗೌರವಾರ್ಥವಾಗಿ ಇಟ್ಟ.

ಅಧಿಕಾರಿಗಳ ಹೆಸರನ್ನು ಗಿಡಗಳಿಗೆ ಅಂಟಿಸುವುದು ಆ ಕಾಲದ ವಿದ್ವಾಂಸರ ರಾಜಭಕ್ತಿ. ನಮ್ಮ ಆಸ್ಥಾನಕವಿಗಳು ಅಂಕಿತಪದ್ಯಗಳಲ್ಲಿ ಮಾಡಿದ್ದನ್ನು ಅವರು ಲ್ಯಾಟಿನ್ನಿನಲ್ಲಿ ಮಾಡಿದರು. ಆದರೆ ಈ ಒಂದು ಸಂದರ್ಭದಲ್ಲಿ ಹೆಸರಿಗೂ ವಸ್ತುವಿಗೂ ನಡುವೆ ವಿಧಿಯು ಎಳೆದಿರುವ ನಂಟನ್ನು ಕಂಡರೆ ಯಾರಿಗಾದರೂ ನಗೆ ಬರಬೇಕು. ಫ್ರೆರ್ ಸಾತಾರಕ್ಕೆ ಹೊಸಬನೇನಲ್ಲ. ಗವರ್ನರಾಗುವ ಎಷ್ಟೋ ಮೊದಲು ಅಲ್ಲಿ ರೆಸಿಡೆಂಟನಾಗಿದ್ದು, 1848ರಲ್ಲಿ ಆ ಮರಾಠ ಸಂಸ್ಥಾನವನ್ನು ಗವರ್ನರ್ ಜನರಲ್ ಡಾಲ್‌ಹೌಸಿ ಕಬಳಿಸಿದಾಗ, ದತ್ತುಪುತ್ರನ ಹಕ್ಕಿನ ಪರವಾಗಿ ತನ್ನ ಭಿನ್ನಾಭಿಪ್ರಾಯವನ್ನು ಬರೆದಿಟ್ಟು, ಕೊನೆಗೆ ಅದೇ ಸಂಸ್ಥಾನದ ಆಡಳಿತವನ್ನು ಕಂಪನಿಯ ಪರವಾಗಿ ತಾನೇ ವಹಿಸಿಕೊಂಡವನು. 1862ರಲ್ಲಿ ಮುಂಬಯಿಯ ಗವರ್ನರಾಗಿ ಬಂದವನು ಆ ನಗರದ ಹಳೆಯ ಕೋಟೆಗೋಡೆಗಳನ್ನು ಕೆಡವಿಸಿ ಊರು ಹರಡಲು ದಾರಿ ಮಾಡಿದ. ಕೋಟೆ ಕೆಡವಿದವನ ಹೆಸರು ಕೋಟೆಯ ಕಲ್ಲನ್ನೇ ಅಪ್ಪಿಕೊಂಡು ಬಾಳುವ ಗಿಡಕ್ಕೆ ಬಂತು. ಇನ್ನೂ ಮುಂದೆ, 1877ರಲ್ಲಿ ಅವನನ್ನು ದಕ್ಷಿಣ ಆಫ್ರಿಕದ ಕೇಪ್ ಪ್ರಾಂತಕ್ಕೆ ಕಳುಹಿಸಲಾಗಿ, ಅಲ್ಲಿ ಜೂಲೂ ಜನರ ಮೇಲಿನ 1879ರ ಯುದ್ಧಕ್ಕೆ ಕಾರಣನಾಗಿ ಅಪಕೀರ್ತಿಯೊಡನೆ ಹಿಂದಿರುಗಿದ. ಆ ದಕ್ಷಿಣ ಆಫ್ರಿಕವಾದರೋ ಈ ಗಿಡದ ದಾಯಾದಿಗಳು ಜಗತ್ತಿನಲ್ಲೆಲ್ಲ ಅತ್ಯಂತ ಹೇರಳವಾಗಿ ಬೆಳೆಯುವ ನಾಡು. ಬದುಕಿನುದ್ದಕ್ಕೂ ಗವರ್ನರು ತನ್ನ ಗಿಡದ ಬಂಧುಬಳಗದ ನಡುವೆಯೇ ಓಡಾಡಿದನೆಂದು ಹೇಳಬಹುದು; ಅವನಿಗೆ ಅದರ ಅರಿವಿತ್ತೆಂದು ಹೇಳಲು ಆಧಾರವಿಲ್ಲ.

ಆ ಬಂಧುಬಳಗವು ನಮ್ಮ ಎಕ್ಕದ ಗಿಡದ ಮನೆತನದ ಒಂದು ಕವಲು. ಒಣನೆಲಗಳಿಗೆ ಒಗ್ಗಿಕೊಂಡ ಈ ಕವಲಿನ ಗಿಡಗಳೆಲ್ಲ, ಎಲೆಯ ಮೂಲಕ ನೀರು ಆವಿಯಾಗಿ ಹೋಗುವ ನಷ್ಟವನ್ನು ತಾಳಲಾರದೆ, ಎಲೆಗಳನ್ನು ಬಹುಮಟ್ಟಿಗೆ ತ್ಯಜಿಸಿ, ಹಸುರು ಕಾಂಡದಲ್ಲಿಯೇ ನೀರನ್ನೂ ಆಹಾರದ ಅಡುಗೆಯನ್ನೂ ಇಟ್ಟುಕೊಂಡಿವೆ. ಹೂಗಳು ಮಾಂಸದ ಬಣ್ಣದವು, ಹಲವು ದುರ್ವಾಸನೆಯವು. ಅವು ಕರೆಯುವುದು ಜೇನನ್ನಲ್ಲ, ನೊಣಗಳನ್ನು. ಇಂತಹ ನಿಷ್ಪತ್ರ ಮನೆತನದಲ್ಲಿ ಹುಟ್ಟಿಯೂ ದೊಡ್ಡದಾದ, ನಿಜವಾದ ಎಲೆಗಳನ್ನು ಧರಿಸುವ ಫ್ರೆರಿಯಾ ಡಾಲ್‌ಜೆಲ್‌ನಿಗೆ ವಿಲಕ್ಷಣವಾಗಿ ತೋರಿದ್ದರಲ್ಲಿ ಆಶ್ಚರ್ಯವಿಲ್ಲ. ಸುಮಾರು ನೂರು ವರ್ಷ ಅದು ಒಂಟಿ ಕುಲದ ಒಂಟಿ ಸದಸ್ಯನಾಗಿಯೇ ಉಳಿಯಿತು. 1958ರಲ್ಲಿ ಗೋರ್ಡನ್ ರೌಲಿ ಎಂಬ ಆಂಗ್ಲ ವಿದ್ವಾಂಸ, ಹೂವಿನ ರಚನೆಯನ್ನೇ ಮುಖ್ಯವಾಗಿ ಹಿಡಿದು, ಅದನ್ನು ಕ್ಯಾರಲುಮಾ ಎಂಬ ದೊಡ್ಡ ಕುಲಕ್ಕೆ ಸೇರಿಸಿದ. ಆ ಕುಲದಲ್ಲಿ ಇಂಡಿಕಾ ಎಂಬ ಹೆಸರಿನ ಬೇರೊಂದು ಗಿಡ ಮೊದಲೇ ಇದ್ದುದರಿಂದ, ನಿಯಮಕ್ಕೆ ಮಣಿದು, ಕ್ಯಾರಲುಮಾ ಫ್ರೆರೀ ಎಂದು ಕರೆಯಬೇಕಾಯಿತು. ಭಾರತದ ಹೆಸರು ಬಿದ್ದುಹೋಗಿ ಗವರ್ನರನ ಹೆಸರು ಉಳಿದುಕೊಂಡಿತು. ಈಚಿನ ವಂಶವಾಹಿ ಸಂಶೋಧನೆಗಳು ಅದನ್ನು ಭಾರತದ ಇತರ ನಿಷ್ಪತ್ರ ಬಂಧುಗಳ ಜೊತೆಗೆ ಬೂಸರೋಸಿಯಾ ಎಂಬ ಕುಲದಲ್ಲಿ ಕೂರಿಸಿವೆ. ಶಾಸ್ತ್ರಜ್ಞರ ಈ ಮನೆ ಬದಲಾವಣೆಗಳು ಸಾಮಾನ್ಯ ಓದುಗನಿಗೆ ಬೇಸರ ತರುವುದು ಸಹಜ. ಆದರೆ ಅವುಗಳ ತಿರುಳಾಗಿ ಒಂದು ಸ್ವಾರಸ್ಯವಿದೆ: ಎಲ್ಲರಂತಲ್ಲದ ಈ ಗಿಡ ದೂರದ ಅನ್ಯನಲ್ಲ, ಎಲೆ ಬಿಟ್ಟ ಮನೆತನದ ನಡುಮನೆಯಲ್ಲೇ ಎಲೆ ಹೊತ್ತು ನಿಂತ ಒಡಹುಟ್ಟು.

ಎಲೆಯೇಕೆ ಎಂಬ ಪ್ರಶ್ನೆಗೆ ಉತ್ತರವನ್ನು ಸಹ್ಯಾದ್ರಿಯ ಋತುಮಾನದಲ್ಲಿ ಹುಡುಕಬೇಕು. ರಸಭರಿತ ಗಿಡವೆಂದೊಡನೆ ನಮ್ಮ ಮನಸ್ಸಿಗೆ ಬರುವುದು ಮರುಭೂಮಿ. ಮಹಾಬಳೇಶ್ವರದಲ್ಲಿ ವರ್ಷಕ್ಕೆ ಸರಾಸರಿ 5,500 ಮಿಲಿಮೀಟರಿಗೂ ಮಿಕ್ಕ ಮಳೆ ಬೀಳುತ್ತದೆ; ಅಲ್ಲಿ ನೀರು ಕೂಡಿಡುವ ಗಿಡಕ್ಕೆ ಏನು ಕೆಲಸವೆಂದು ಕೇಳಬಹುದು. ಆದರೆ ಆ ಮಳೆಯೆಲ್ಲ ಸುರಿಯುವುದು ಜೂನಿನಿಂದ ಸೆಪ್ಟೆಂಬರಿನವರೆಗಿನ ನಾಲ್ಕು ತಿಂಗಳಲ್ಲಿ. ಸುರಿದದ್ದು ನೆಟ್ಟನೆಯ ಕಲ್ಲಿನ ಮೇಲೆ ನಿಲ್ಲದೆ ಗಳಿಗೆಯಲ್ಲಿ ಹರಿದು ಹೋಗುತ್ತದೆ. ಉಳಿದ ತಿಂಗಳುಗಳಲ್ಲಿ ಅದೇ ಕಲ್ಲು, ಹಿಡಿಯಷ್ಟು ಮಣ್ಣಿನೊಡನೆ, ಬಿಸಿಲಿಗೆ ಮೈಯೊಡ್ಡಿ ಕಾಯುತ್ತದೆ. ನಾಲ್ಕು ತಿಂಗಳು ಮಲೆನಾಡು, ಎಂಟು ತಿಂಗಳು ಮರುಭೂಮಿ. ಒಂದೇ ಗಿಡ ಎರಡರಲ್ಲಿಯೂ ಬಾಳಬೇಕು.

ಎರಡರಲ್ಲಿಯೂ ಬಾಳುವ ಉಪಾಯವನ್ನು ವಿವರಿಸಲು ಎರಡು ಶತಮಾನಗಳಷ್ಟು ಹಿಂದಕ್ಕೆ, ನಮ್ಮ ಲಾಲ್‌ಬಾಗಿನ ನೆನಪಿನವರೆಗೆ, ಹೋಗುವುದು ಅಪ್ರಸ್ತುತವಾಗದು. ಟಿಪ್ಪುಸುಲ್ತಾನನ ಪತನಾನಂತರ ಕೆಲಕಾಲ ಲಾಲ್‌ಬಾಗಿನ ಉಸ್ತುವಾರಿ ನೋಡಿಕೊಂಡವನು ಬೆಂಜಮಿನ್ ಹೈನೆ ಎಂಬ ವೈದ್ಯ ಮತ್ತು ಸಸ್ಯಶಾಸ್ತ್ರಜ್ಞ. ಮೈಸೂರು ಸೀಮೆಯ ಮೋಜಣಿಯಲ್ಲಿಯೂ ಭಾಗಿಯಾಗಿದ್ದವನು. ಇವನಿಗೆ ಗಿಡದ ಎಲೆಗಳನ್ನು ಅಗಿದು ನೋಡುವ ಚಪಲವಿದ್ದಿತೆಂದು ತೋರುತ್ತದೆ. ನಮ್ಮ ಹಿತ್ತಲುಗಳಲ್ಲಿ ಬೆಳೆಯುವ ಕಾಡುಬಸಳೆಯ ಎಲೆ ಬೆಳಗ್ಗೆ ಹುಳಿಯಾಗಿಯೂ, ನಡುಹಗಲಿಗೆ ರುಚಿಯಿಲ್ಲದ್ದಾಗಿಯೂ, ಸಂಜೆಗೆ ಕಹಿಯಾಗಿಯೂ ಇರುವುದನ್ನು ಗಮನಿಸಿ, ಆ ಸಂಗತಿಯನ್ನು ಇಂಗ್ಲೆಂಡಿನ ವಿದ್ವಾಂಸನೊಬ್ಬನಿಗೆ ಪತ್ರ ಬರೆದು ತಿಳಿಸಿದ. ಆ ಪತ್ರ 1815ರಲ್ಲಿ ಲಿನ್ನೇಯನ್ ಸೊಸೈಟಿಯ ಸಂಪುಟದಲ್ಲಿ ಅಚ್ಚಾಯಿತು. ಅದರ ಅರ್ಥ ಪೂರ್ಣವಾಗಿ ತಿಳಿಯಲು ಇನ್ನೂ ಒಂದೂವರೆ ಶತಮಾನ ಹಿಡಿಯಿತು. ಸಾಮಾನ್ಯ ಗಿಡಗಳು ಹಗಲು ತಮ್ಮ ಪತ್ರರಂಧ್ರಗಳನ್ನು ತೆರೆದು ಗಾಳಿಯಿಂದ ಇಂಗಾಲಾಮ್ಲ ವಾಯುವನ್ನು ಹೀರಿ, ಆಗಲೇ, ಬಿಸಿಲಿನ ಬಲದಿಂದ, ಸಕ್ಕರೆಯನ್ನು ಕಟ್ಟುತ್ತವೆ. ತೆರೆದ ರಂಧ್ರಗಳಿಂದ ನೀರು ಆವಿಯಾಗಿ ಹೋಗುವುದು ಆ ವ್ಯವಹಾರದಲ್ಲಿ ಅವು ತೆರಬೇಕಾದ ಸುಂಕ. ನೀರಿನ ಬರವುಳ್ಳ ಗಿಡಗಳು, ಸುಂಕದವನು ಮಲಗಿರುವ ಇರುಳಿನಲ್ಲಿ ಸರಕನ್ನು ಒಳಕ್ಕೆ ಸಾಗಿಸಿ ಕಣಜಕ್ಕೆ ತುಂಬಿ, ಹಗಲು ಬಾಗಿಲು ಮುಚ್ಚಿಕೊಂಡು ವ್ಯಾಪಾರ ನಡೆಸುವ ಜಾಣ ವರ್ತಕನಂತೆ, ತಂಪಾದ ರಾತ್ರಿಯಲ್ಲಿ ಮಾತ್ರ ರಂಧ್ರಗಳನ್ನು ತೆರೆದು, ಹೀರಿದ ವಾಯುವನ್ನು ಮ್ಯಾಲಿಕ್ ಆಮ್ಲವಾಗಿ ಜೀವಕೋಶಗಳಲ್ಲಿ ಶೇಖರಿಸಿ, ಬೆಳಗಾದ ಮೇಲೆ ಆ ಆಮ್ಲವನ್ನು ಒಡೆದು ಬಿಸಿಲಿನ ಸಹಾಯದಿಂದ ಸಕ್ಕರೆಯಾಗಿಸುತ್ತವೆ. ಹೈನೆಯ ನಾಲಿಗೆಗೆ ಬೆಳಗ್ಗೆ ಹತ್ತಿದ ಹುಳಿ ಆ ರಾತ್ರಿಯ ಗಳಿಕೆ. ನಡುಹಗಲಿನ ಹೊತ್ತಿಗೆ ಅದು ಖರ್ಚಾಗಿರುತ್ತಿತ್ತು. ಈ ಎರಡನೆಯ ಬಗೆಯಲ್ಲಿ ನೀರು ಉಳಿಯುತ್ತದೆ, ಆದರೆ ಗಳಿಕೆ ಕಡಮೆ. ಬೆಳವಣಿಗೆ ಬಹಳ ನಿಧಾನ.

ಹೆಚ್ಚಿನ ಗಿಡಗಳು ಇವೆರಡರಲ್ಲಿ ಒಂದಕ್ಕೆ ಕಟ್ಟುಬಿದ್ದಿವೆ. 1977ರಲ್ಲಿ ಜರ್ಮನಿಯ ಓಟೋ ಲಾಂಗೆ ಮತ್ತು ಮಾರ್ಗಿಟ್ ಜೂಬರ್ ಎಂಬ ಇಬ್ಬರು ವಿಜ್ಞಾನಿಗಳು ಫ್ರೆರಿಯಾದ ಎಲೆಗಳ ಉಸಿರಾಟವನ್ನೂ ಕಾಂಡದ ಉಸಿರಾಟವನ್ನೂ ಬೇರೆ ಬೇರೆಯಾಗಿ ಅಳೆದು ನೋಡಿದಾಗ, ಎಲೆಗಳು ಸಾಮಾನ್ಯ ಗಿಡದ ಎಲೆಗಳಂತೆ ಹಗಲಿನಲ್ಲಿಯೂ, ಅವನ್ನು ಹೊತ್ತ ಕಾಂಡವು ಮರುಭೂಮಿಯ ಗಿಡದಂತೆ ಇರುಳಿನಲ್ಲಿಯೂ ವಾಯುವನ್ನು ಹೀರುತ್ತಿರುವುದು ಕಂಡುಬಂತು. ಒಂದೇ ದೇಹದಲ್ಲಿ ಎರಡು ಜೀವನಕ್ರಮ! ಮಳೆಗಾಲದಲ್ಲಿ ನೀರು ಸಮೃದ್ಧವಾಗಿರುವಷ್ಟು ದಿನ ಎಲೆಗಳು ಧಾರಾಳವಾಗಿ ದುಡಿದು ಗಿಡವನ್ನು ಬೆಳೆಸುತ್ತವೆ, ಹೂವಿಗೂ ಕಾಯಿಗೂ ಬೇಕಾದುದನ್ನು ಸಂಪಾದಿಸುತ್ತವೆ. ಮಳೆ ನಿಂತು ನೆಲ ಒಣಗತೊಡಗಿದೊಡನೆ ಗಿಡವು ಆ ಖರ್ಚಾಳಿ ದುಡಿಮೆಗಾರರನ್ನು ನಿರ್ದಾಕ್ಷಿಣ್ಯವಾಗಿ ಉದುರಿಸಿ, ಮಿತವ್ಯಯಿಯಾದ ಕಾಂಡದ ಕೈಗೆ ಸಂಸಾರವನ್ನೊಪ್ಪಿಸಿ, ಮುಂದಿನ ಜೂನಿನವರೆಗೆ ಉಸಿರು ಹಿಡಿದುಕೊಂಡಿರುತ್ತದೆ. ಮಾರ್ಚಿಯಲ್ಲಿ ಕಂಡ ಬೋಳು ಕಡ್ಡಿ ಸತ್ತದ್ದಲ್ಲ. ಅದರ ಇರುಳಿನ ಅಂಗಡಿ ನಡೆದೇ ಇರುತ್ತದೆ. ಸಹ್ಯಾದ್ರಿಯ ಋತುಚಕ್ರವನ್ನು ಇಷ್ಟು ಕೂಲಂಕಷವಾಗಿ ತನ್ನ ಮೈಯಲ್ಲಿ ಬರೆದುಕೊಂಡ ಗಿಡ ಇನ್ನೊಂದಿದೆಯೆ ಎಂದು ನನಗೆ ಅನುಮಾನ. ಇದನ್ನು ಆ ಬಂಡೆಯಿಂದ ಬೇರ್ಪಡಿಸಿ ಯೋಚಿಸುವುದು ಕಷ್ಟವೆಂದು ನಾನು ಹೇಳುವುದು ಭಾವುಕತೆಯಿಂದಲ್ಲ, ಈ ಲೆಕ್ಕದಿಂದಲೇ.

ಹೂವಿನ ವ್ಯವಹಾರ ಇದಕ್ಕಿಂತಲೂ ಸೂಕ್ಷ್ಮವಾದದ್ದು. ಎಕ್ಕದ ಮನೆತನದ ಹೂಗಳಲ್ಲಿ ಪರಾಗವು ಹುಡಿಯಾಗಿ ಉದುರುವುದಿಲ್ಲ. ಮೇಣದಂತಹ ಪುಟ್ಟ ಪಿಂಡಗಳಾಗಿ, ಜೋಡಿ ಜೋಡಿಯಾಗಿ, ಒಂದು ಚಿಮಟದಂತಹ ಕೊಂಡಿಗೆ ತಗಲಿಕೊಂಡಿರುತ್ತದೆ. ಹೂವಿನ ನಡುವಣ ರಚನೆಯಲ್ಲಿ ಕಿರಿದಾದ ಸೀಳುಗಳಿವೆ. ವಾಸನೆಗೂ ಬಣ್ಣಕ್ಕೂ ಮರುಳಾಗಿ ಬಂದ ನೊಣ ಮಧುವನ್ನರಸುತ್ತ ಮೂತಿಯನ್ನೋ ಕಾಲನ್ನೋ ಆ ಸೀಳಿನೊಳಕ್ಕೆ ತೂರಿಸಿದಾಗ ಕೊಂಡಿ ಅದನ್ನು ಕಚ್ಚಿಕೊಳ್ಳುತ್ತದೆ. ನೊಣ ಎಳೆದಾಡಿ ಬಿಡಿಸಿಕೊಂಡು ಹೋಗುವಾಗ ಜೋಡಿಪಿಂಡವೂ ಅದರೊಡನೆ ಹೊರಡುತ್ತದೆ. ಬಳಿಕ ಅದೇ ನೊಣ ಅದೇ ಜಾತಿಯ ಇನ್ನೊಂದು ಹೂವಿಗೆ ಹೋಗಬೇಕು; ಅಲ್ಲಿಯೂ ಸರಿಯಾದ ಸೀಳಿನಲ್ಲಿಯೇ ಎಡವಬೇಕು; ಪಿಂಡವು ಸರಿಯಾದ ದಿಕ್ಕಿನಲ್ಲಿ ಒಳಸೇರಿ ಮುರಿದು ನಿಲ್ಲಬೇಕು. ಹೀಗಾದರೆ ಮಾತ್ರ ಕಾಯಿ. ಈ ಕುಟಿಲ ಯಂತ್ರವನ್ನು ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿ ಸೂಕ್ಷ್ಮದರ್ಶಕದ ಕೆಳಗಿಟ್ಟು ಬಿಡಿಸಿದ ರಾಬರ್ಟ್ ಬ್ರೌನ್, ಇಂತಹ ಹೂಗಳನ್ನೂ ಸೀತಾಳೆಗಳನ್ನೂ ಪರೀಕ್ಷಿಸುತ್ತಿದ್ದಾಗಲೇ, ಜೀವಕೋಶದ ನಡುವಣ ಬೀಜಕ್ಕೆ 1831ರಲ್ಲಿ ನ್ಯೂಕ್ಲಿಯಸ್ ಎಂದು ಹೆಸರಿಟ್ಟನೆಂಬುದು ವಿಜ್ಞಾನದ ಚರಿತ್ರೆಯಲ್ಲಿ ಪ್ರಸಿದ್ಧ. ಒಂದು ಹೂವಿನ ಪಿಂಡ ಮತ್ತೊಂದನ್ನು ಸೇರುವುದು ಇಷ್ಟೊಂದು ಬೇಕುಗಳ ಸರಪಣಿಯಾದುದರಿಂದ, ಈ ಬಳಗದ ಗಿಡಗಳಲ್ಲಿ ನೂರಾರು ಹೂ ಬಿಟ್ಟರೂ ಕಾಯಿಗಟ್ಟುವುದು ವಿರಳ. ಆದರೆ ಕಟ್ಟಿದ ಕಾಯಿಯೊಳಗೆ ಬೀಜಗಳು ಬಹಳ. ಒಂದೊಂದಕ್ಕೂ ರೇಷ್ಮೆಯ ಕುಚ್ಚು. ಕಾಯಿ ಸೀಳಿದಾಗ ಗಾಳಿ ಅವನ್ನು ಎತ್ತಿಕೊಂಡು ಹೋಗುತ್ತದೆ. ಬಹುಪಾಲನ್ನು ಎಲ್ಲಿಯೋ ಚೆಲ್ಲುತ್ತದೆ, ಎಲ್ಲೋ ಒಂದನ್ನು ಬಂಡೆಯ ಸಂದಿಯಲ್ಲಿ ಬಿತ್ತುತ್ತದೆ.

ಇಂತಹ ಬಾಳಿಗೆ ಅಗತ್ಯವಾದುದು ಸಮೂಹ. ಒಂದು ಪ್ರಪಾತದಲ್ಲಿ ಹತ್ತಾರು ಗಿಡಗಳು ಹತ್ತಿರ ಹತ್ತಿರವಾಗಿ ಒಂದೇ ಕಾಲಕ್ಕೆ ಹೂವರಳಿಸಿದರೆ ನೊಣದ ಎಡವಟ್ಟಿನ ಯಾತ್ರೆಗೂ ಒಂದು ಸಾರ್ಥಕ್ಯವುಂಟು. ಎರಡೇ ಗಿಡಗಳು ಉಳಿದ ಕಡೆ ಅವು ವರ್ಷವರ್ಷವೂ ಹೂ ಬಿಡುತ್ತಲೇ ನಿಸ್ಸಂತಾನವಾಗಬಹುದು. ನೋಡುವವರಿಗೆ ಗಿಡ ಆರೋಗ್ಯವಾಗಿಯೇ ಇದೆಯೆಂದು ತೋರುತ್ತಿರುತ್ತದೆ. ತಾಣಗಳಾದರೋ ಒಂದಕ್ಕೊಂದು ಹತ್ತಾರು ಮೈಲಿ ದೂರ. ನೊಣ ಶಿವನೇರಿಯಿಂದ ಸಜ್ಜನಗಡಕ್ಕೆ ಹೋಗುವುದಿಲ್ಲ. ಹೀಗೆ ಒಂದೊಂದು ಕೋಟೆಯ ಗಿಡಗಳೂ ತಮ್ಮ ತಮ್ಮಲ್ಲಿಯೇ ಮದುವೆ ಮಾಡಿಕೊಂಡು ಬಾಳುವ ಪುಟ್ಟ ದ್ವೀಪಗಳಾಗಿವೆ. ಒಂದು ದ್ವೀಪ ಮುಳುಗಿದರೆ ಅದರ ಗುಣವಿಶೇಷಗಳೂ ಮುಳುಗಿದಂತೆಯೇ.

ಮುಳುಗಿಸುವ ಕಾರಣಗಳು ಹಲವು, ಒಂದೂ ಅದ್ಭುತವಾದದ್ದಲ್ಲ. ಬೇಸಗೆಯಲ್ಲಿ ಹೊಸ ಹುಲ್ಲು ಚಿಗುರಲೆಂದು ಇಳಿಜಾರಿಗೆ ಇಟ್ಟ ಬೆಂಕಿ ಅಂಚನ್ನು ಹತ್ತಿ ಕಾಂಡಗಳನ್ನು ಸುಡುತ್ತದೆ. ಎಟುಕಿದ ಕಡೆ ಆಡುಗಳು ಮೇಯುತ್ತವೆ. ರಸತುಂಬಿದ ಕಾಂಡವನ್ನು ದನ ಕಾಯುವವರೂ ಬಾಯಾಡಿಸುವುದುಂಟು. ಮಳೆಗಾಲದಲ್ಲಿ ಬಂಡೆ ಕುಸಿಯುತ್ತದೆ. ಘಟ್ಟದ ರಸ್ತೆಯನ್ನು ಅಗಲಿಸುವಾಗ ಮನುಷ್ಯನೇ ಕುಸಿಯಿಸುತ್ತಾನೆ. ಇನ್ನು ಸಂಗ್ರಾಹಕರು: ಅಪೂರ್ವವೆಂದು ಹೆಸರಾದ ಗಿಡವನ್ನು ತಮ್ಮ ಕುಂಡದಲ್ಲಿ ನೋಡುವ ತನಕ ನಿದ್ದೆ ಬಾರದ ಜಾತಿಯೊಂದು ಪ್ರಪಂಚದ ಎಲ್ಲ ದೇಶಗಳಲ್ಲಿಯೂ ಇದೆ. ಭಾರತೀಯ ಸಸ್ಯ ಸರ್ವೇಕ್ಷಣೆಯು 1987ರಿಂದ 1990ರವರೆಗೆ ಮೂರು ಸಂಪುಟಗಳಲ್ಲಿ ಪ್ರಕಟಿಸಿದ ಅಪಾಯದಂಚಿನ ಸಸ್ಯಗಳ ಕೆಂಪು ಗ್ರಂಥದಲ್ಲಿ ಫ್ರೆರಿಯಾಕ್ಕೆ ಸ್ಥಾನ ಸಿಕ್ಕಿತು. ಅಂತಹ ಗ್ರಂಥಗಳು ರಕ್ಷಕರನ್ನು ಎಚ್ಚರಿಸುವಂತೆಯೇ ಸಂಗ್ರಾಹಕರ ಆಸೆಯನ್ನೂ ಕೆರಳಿಸುತ್ತವೆ. ಇಂದು ಛಾಯಾಚಿತ್ರದೊಡನೆ ಅದನ್ನು ತೆಗೆದ ತಾಣದ ಅಕ್ಷಾಂಶ ರೇಖಾಂಶಗಳೂ ಮೊಬೈಲಿನಲ್ಲಿ ಅಂಟಿಕೊಂಡು ಊರೂರು ಸುತ್ತುತ್ತವೆ. ಹೂ ಕಂಡ ಸಂತೋಷವನ್ನು ಹಂಚಿಕೊಳ್ಳುವವರು ತಾಣವನ್ನು ಮಾತ್ರ ಮುಚ್ಚಿಟ್ಟರೆ ಅದು ಕೃಪಣತನವಲ್ಲ.

ಈ ಕಥೆಯ ವಿರೋಧಾಭಾಸ ಇರುವುದು ಮುಂದೆ. ಪ್ರಪಾತದಲ್ಲಿ ಇಷ್ಟು ದುರ್ಲಭವಾದ ಗಿಡ ಕುಂಡದಲ್ಲಿ ಅತ್ಯಂತ ಸುಲಭ. ಗೇಣುದ್ದದ ಕಾಂಡವನ್ನು ಕತ್ತರಿಸಿ, ಗಾಯ ಒಣಗುವವರೆಗೆ ನೆರಳಿನಲ್ಲಿಟ್ಟು, ನೀರು ನಿಲ್ಲದ ಮರಳುಮಣ್ಣಿನ ಮೇಲೆ ಮಲಗಿಸಿದರೆ ಬೇರು ಬಿಡುತ್ತದೆ. ಪ್ರಯೋಗಶಾಲೆಗಳಲ್ಲಿ ಅಂಗಾಂಶ ಕೃಷಿಯಿಂದ, ಎಲೆಯ ತುಣುಕಿನಿಂದಲೂ, ಸಸಿಗಳನ್ನು ಎಬ್ಬಿಸಿದ್ದಾರೆ. ಯೂರೋಪು ಅಮೆರಿಕಗಳ ಗಾಜಿನ ಮನೆಗಳಲ್ಲಿ ಇದು ದಶಕಗಳಿಂದ ಹೂವಾಡುತ್ತಿದೆ. ಹವ್ಯಾಸಿಗಳು ಇದನ್ನು ನಿಷ್ಪತ್ರ ಬಂಧುಗಳೊಡನೆ ಕೂಡಿಸಿ ಸಂಕರಗಳನ್ನೂ ಹುಟ್ಟಿಸಿದ್ದಾರೆ. ಹೀಗಿರುವಾಗ ಇದು ಅಳಿಯುವುದೆಂತು, ಆತಂಕವೇಕೆ ಎಂದು ಕೇಳುವವರುಂಟು. ಕೇಳುವುದರಲ್ಲಿ ತರ್ಕವೂ ಉಂಟು. ಆದರೆ ಒಂದು ಗಿಡದ ಕಾಂಡದಿಂದ ಮಾಡಿದ ಸಾವಿರ ಸಸಿಗಳು ವಂಶದ ಲೆಕ್ಕದಲ್ಲಿ ಒಂದೇ ಗಿಡ. ಅವುಗಳಲ್ಲಿ ಒಂದಕ್ಕೆ ತಗಲಿದ ರೋಗಕ್ಕೆ ಎಲ್ಲವೂ ಗುರಿ; ಒಂದಕ್ಕೆ ತಾಳಲಾಗದ ಬರವನ್ನು ಯಾವುದೂ ತಾಳಲಾರದು. ವಜ್ರಗಡದ ಗಿಡಕ್ಕೂ ರಂಧಾದ ಗಿಡಕ್ಕೂ ಇರಬಹುದಾದ ಸೂಕ್ಷ್ಮ ಭೇದಗಳು ಕುಂಡಗಳ ಸಾಲಿನಲ್ಲಿ ಕಾಣಸಿಗವು. ಕ್ರಮವಾಗಿ ನೀರುಣಿಸಿದ ಕುಂಡದ ಗಿಡಕ್ಕೆ ಎಲೆಯುದುರಿಸುವ ಪ್ರಮೇಯವೇ ಬಾರದೆ ಹೋಗಬಹುದು. ಎರಡು ಬಗೆಯ ಉಸಿರಿನಲ್ಲಿ ಒಂದು ಅಲ್ಲಿ ನಿರುದ್ಯೋಗಿ. ನೊಣಕ್ಕೆ ಬದಲಾಗಿ ಅಲ್ಲಿ ಕತ್ತರಿ ಇದೆ. ಗಾಜಿನ ಮನೆಯಲ್ಲಿ ಉಳಿದದ್ದು ಗಿಡದ ಆಕಾರ. ಉಳಿಯದೆ ಹೋಗುವುದು ಅದರ ಬಾಳ್ವೆ.

ನಮ್ಮ ನಾಡಿನಲ್ಲಿ ಫ್ರೆರಿಯಾ ಇಲ್ಲದಿದ್ದರೂ ಅದರ ನಿಷ್ಪತ್ರ ಬಂಧುಗಳು ಉಂಟು. ಬಯಲುಸೀಮೆಯ ಕಲ್ಲುಗುಡ್ಡಗಳಲ್ಲಿ ಕಳ್ಳಿಯ ಬುಡದ ನೆರಳಿನಲ್ಲಿ, ನಾಲ್ಕು ಅಂಚಿನ ಬೂದುಬಣ್ಣದ ಬೆರಳುಗಳಂತೆ ನಿಲ್ಲುವ ಮಂಗನ ಕೋಡನ್ನು ಹಳ್ಳಿಯ ಹುಡುಗರು ಬಲ್ಲರು. ಕುರಿ ಕಾಯುವವರು ಅದನ್ನು ಹಸಿಯಾಗಿಯೇ ತಿಂದು ಹಸಿವು ಬಾಯಾರಿಕೆಗಳನ್ನು ತಡೆದುಕೊಂಡದ್ದುಂಟು. ಈ ತಿಳಿವಳಿಕೆಯನ್ನೇ ಹಿಡಿದು ಬೆಂಗಳೂರಿನ ಸಂತ ಜಾನರ ವೈದ್ಯವಿದ್ಯಾಲಯದ ಸಂಶೋಧಕರು, ಸ್ಥೂಲಕಾಯದ 50 ಜನರ ಮೇಲೆ 60 ದಿನಗಳ ಪರೀಕ್ಷೆಯೊಂದನ್ನು ನಡೆಸಿ, ಮಂಗನ ಕೋಡಿನ ಸತ್ತ್ವವನ್ನು ಸೇವಿಸಿದವರಲ್ಲಿ ಹಸಿವೂ ಸೊಂಟದ ಸುತ್ತಳತೆಯೂ ತಕ್ಕಮಟ್ಟಿಗೆ ಇಳಿದುದನ್ನು 2007ರಲ್ಲಿ ವರದಿ ಮಾಡಿದರು. ಹಸಿದವನ ಬುತ್ತಿಯಾಗಿದ್ದದ್ದು ಉಂಡವನ ಗುಳಿಗೆಯಾಗಿ ಪೇಟೆಗೆ ಬಂತು. ಪೇಟೆಯ ಬಾಯಿ ದೊಡ್ಡದು. ಮಂಗನ ಕೋಡು ಹಲವು ರಾಜ್ಯಗಳಲ್ಲಿ ಹರಡಿರುವುದರಿಂದ ಅದನ್ನು ಇನ್ನೂ ತಾಳೀತು. ಕೆಲವೇ ಬಂಡೆಗಳ ಗಿಡವಾದ ಫ್ರೆರಿಯಾದ ಕಡೆಗೆ ಆ ಬಾಯಿ ತಿರುಗಿದರೆ ಒಂದು ಮಳೆಗಾಲದ ಸಂಗ್ರಹವೇ ಅದನ್ನು ಮುಗಿಸೀತು.

ಸಸಿಗಳನ್ನು ಬೆಳೆಸಿ ಮತ್ತೆ ಬಂಡೆಗೆ ಒಯ್ದು ನೆಡುವುದು ಪ್ರಶಂಸನೀಯ ಉದ್ಯಮ. ಅದು ಫಲಿಸಬೇಕಾದರೆ ಬೇರೆ ಬೇರೆ ತಾಣಗಳ ಬೀಜದಿಂದ ಎದ್ದ ಸಸಿಗಳನ್ನು ಒಂದೆಡೆ ಗುಂಪಾಗಿ, ಮೇವಿಗೂ ಬೆಂಕಿಗೂ ಸಿಗದ ಅಂಚುಗಳಲ್ಲಿ, ಮಳೆಗಾಲದ ಮೊದಲ ವಾರಗಳಲ್ಲಿಯೇ ನೆಡಬೇಕು. ಮುಂದಿನ ಎಂಟು ತಿಂಗಳ ಬರಕ್ಕೆ ಬೇರು ಸಿದ್ಧವಾಗಲು ಅದಕ್ಕೆ ಬೇರೆ ಕಾಲವಿಲ್ಲ. ಇದ್ದುದನ್ನು ಉಳಿಸಿಕೊಳ್ಳುವುದಾದರೋ ಇನ್ನೂ ಅಗ್ಗದ ಕೆಲಸ. ಕೋಟೆಗಳ ಜೀರ್ಣೋದ್ಧಾರ ಈಗ ಉತ್ಸಾಹದಿಂದ ನಡೆಯುತ್ತಿರುವ ಕಾಲ. ಗೋಡೆಯ ಸಂದಿಗಳಲ್ಲಿ ಬೆಳೆದ ಗಿಡಗಂಟಿಗಳನ್ನು ಕಿತ್ತು ಸವರುವುದು ಅದರ ಮೊದಲ ಹೆಜ್ಜೆ. ಆಲ, ಅರಳಿ, ಬಸರಿಗಳು ಕಲ್ಲನ್ನು ಸೀಳುತ್ತವಾದ್ದರಿಂದ ಅವನ್ನು ಕೀಳುವುದು ಸರಿ. ಆದರೆ ಆ ಕೆಲಸಕ್ಕೆ ಆಳುಗಳು ಹಗ್ಗ ಕಟ್ಟಿಕೊಂಡು ಇಳಿಯುವುದು ಸಹಜವಾಗಿಯೇ ಮಳೆಯಿಲ್ಲದ ತಿಂಗಳುಗಳಲ್ಲಿ, ಎಂದರೆ ಫ್ರೆರಿಯಾ ಎಲೆಯುದುರಿಸಿ ಒಣಕಡ್ಡಿಯಂತೆ ಬಿದ್ದಿರುವ ಕಾಲದಲ್ಲಿ. ಆದಕಾರಣ ಕೆಲಸ ಹಿಡಿಯುವ ಮೊದಲಿನ ಸೆಪ್ಟೆಂಬರಿನಲ್ಲಿ, ಗಿಡ ಎಲೆಯೊಡನೆಯೂ ಹೂವಿನೊಡನೆಯೂ ತನ್ನ ಗುರುತನ್ನು ತಾನೇ ಹೇಳುವಾಗ, ಅದನ್ನು ಬಲ್ಲವರೊಬ್ಬರು ಆ ಗೋಡೆಯನ್ನೊಮ್ಮೆ ನೋಡಿ, ಇದ್ದ ಕಡೆ ಸುಣ್ಣದ ಗುರುತು ಹಾಕಿ, ಜನವರಿಯಲ್ಲಿ ಹಗ್ಗ ಹಿಡಿಯುವ ಮೇಸ್ತ್ರಿಗೆ ಆ ಗುರುತುಗಳನ್ನು ತೋರಿಸಿಕೊಟ್ಟರೆ ಸಾಕು. ಅದಕ್ಕೆ ಒಂದು ದಿನದ ಕೂಲಿಗಿಂತ ಹೆಚ್ಚು ಖರ್ಚಿಲ್ಲ.